ಬಂದ ಗಿರಾಕಿ ಮತ್ತೆ ಬರಬೇಕಾದರೆ: ಸಣ್ಣ ಅಂಗಡಿಯವರಿಗೆ ಸೀಲ್ ಕಾರ್ಡ್ ಮಾರ್ಗದರ್ಶಿ

"ಹತ್ತು ಸಲ ತಗೊಂಡವರಿಗೆ ಒಂದು ಫ್ರೀ ಅಂತ ಕಾರ್ಡ್ ಮಾಡಿಸೋಣ ಅಂತಿದ್ದೀನಿ. ಇದರಿಂದ ಲಾಭ ಆಗುತ್ತಾ?" ಬೇಕರಿಯವರು, ಕಾಫಿಪುಡಿ ಅಂಗಡಿಯವರು, ಸಲೂನಿನವರು, ಟಿಫಿನ್ ಸೆಂಟರ್ ನಡೆಸುವವರು, ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಒಂದು ನೋಟ್‌ಬುಕ್, ಪೆನ್ನು, ಫೋನಿನ ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿ. ಲೆಕ್ಕ ಬರುವ ಕಡೆ ನನ್ನ ಅಂಕಿ ತೆಗೆದು ನಿಮ್ಮ ಅಂಗಡಿಯ ಅಂಕಿ ಹಾಕಿ.

ಈ ಪದ್ಧತಿ ನಮಗೆ ಹೊಸದಲ್ಲ. ಸಂತೆಯಲ್ಲಿ ಸೊಪ್ಪು ಕೊಂಡಾದ ಮೇಲೆ ಮೇಲಿಂದ ಒಂದು ಹಿಡಿ ಕೊತ್ತಂಬರಿ ಹಾಕುತ್ತಾರಲ್ಲ, ಆ ಕೊಸರು ಮುಂದಿನ ವಾರದ ವ್ಯಾಪಾರಕ್ಕೆ ಕೊಟ್ಟ ಕರೆ. ಹಾಲಿನವರ, ಹೂವಿನವರ ವರ್ತನೆ, ಅಂದರೆ ದಿನಾ ಮನೆಗೆ ಹಾಕುವ ಪದ್ಧತಿ, ಅದೂ ಇದೇ ಜಾತಿಯದು. ದಿನಾ ತಪ್ಪದೆ ತೆಗೆದುಕೊಳ್ಳುವ ಮನೆಗೆ ಹಬ್ಬದ ದಿನ ಒಂದು ಮೊಳ ಹೂವು ಜಾಸ್ತಿ ಬೀಳುತ್ತದೆ. ದೊಡ್ಡ ಕಂಪನಿಗಳು ಇದನ್ನೇ ಲಾಯಲ್ಟಿ ಪ್ರೋಗ್ರಾಂ ಅನ್ನುತ್ತವೆ, ಅಂದರೆ ಮತ್ತೆ ಮತ್ತೆ ಬರುವವರಿಗೆ ಕೊಡುವ ಬಹುಮಾನದ ಯೋಜನೆ. ಕೊಸರಿಗೂ ಕಾರ್ಡಿಗೂ ಇರುವ ವ್ಯತ್ಯಾಸ ಒಂದೇ. ಕೊಸರು ನಿಮ್ಮ ಇಷ್ಟ, ಕೊಟ್ಟರೂ ಸರಿ, ಬಿಟ್ಟರೂ ಸರಿ. ಪ್ರತಿ ಖರೀದಿಗೂ ಕಾರ್ಡಿನ ಮೇಲೆ ಹಾಕುವ ಸೀಲ್ ಹಾಗಲ್ಲ. ಅದು ನೀವು ಗಿರಾಕಿಗೆ ಬರೆದುಕೊಟ್ಟ ಸಾಲ. ಮುಂದೆ ಬರುವ ಎಲ್ಲ ಹಂತಗಳಿಗೂ ಬೇರು ಈ ಮಾತೇ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಗಿರಾಕಿಗಳು ಯಾಕೆ ಮತ್ತೆ ಬರುತ್ತಿಲ್ಲ ಅನ್ನುವುದನ್ನು ಒಂದು ವಾರ ಗಮನಿಸಿ. ಕೇಳಿದ ಸಾಮಾನು ಇಲ್ಲ ಅನ್ನುತ್ತಿದ್ದೀರಾ? ಚಿಲ್ಲರೆಗೆ ಕಿರಿಕಿರಿ ಆಗುತ್ತಿದೆಯಾ? ಬನ್ ಸಂಜೆ ಹೊತ್ತಿಗೆ ಗಟ್ಟಿಯಾಗುತ್ತಿದೆಯಾ? ಹುಡುಗ ಫೋನ್ ನೋಡುತ್ತಾ ಸಾಮಾನು ಕೊಡುತ್ತಿದ್ದಾನಾ? ಇದ್ದರೆ ಮೊದಲು ಅದನ್ನು ಸರಿ ಮಾಡಿ. ಬೇಸರವಾಗಿ ಹೋದವರು ಕಾರ್ಡಿಗಾಗಿ ವಾಪಸ್ ಬರುವುದಿಲ್ಲ.

ಹಂತ 1: ನಿಮ್ಮ ಗಿರಾಕಿ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ?

ಪ್ರತಿ ವ್ಯಾಪಾರಕ್ಕೂ ಅದರದ್ದೇ ಒಂದು ತಾಳ ಇರುತ್ತದೆ. ಟೀ ಅಂಗಡಿಗೆ ದಿನಾ ಬರುತ್ತಾರೆ. ಬೇಕರಿಗೆ ವಾರಕ್ಕೆ ಒಂದೆರಡು ಸಲ. ಕಾಫಿಪುಡಿ 15 ದಿನಕ್ಕೋ ತಿಂಗಳಿಗೋ ಒಮ್ಮೆ. ಸಲೂನಿಗೆ ತಿಂಗಳಿಗೊಮ್ಮೆ. ರೇಷ್ಮೆ ಸೀರೆ ಅಂಗಡಿಗೆ ಹಬ್ಬಕ್ಕೋ ಮದುವೆಗೋ.

ಗೊತ್ತಿರುವ 20 ಗಿರಾಕಿಗಳನ್ನು ಆರಿಸಿಕೊಳ್ಳಿ. ಒಂದು ತಿಂಗಳು ಅವರು ಬಂದ ದಿನಾಂಕ ಬರೆದಿಡಿ. ಎರಡು ಭೇಟಿಗಳ ನಡುವೆ ಸಾಮಾನ್ಯವಾಗಿ ಎಷ್ಟು ದಿನ ಅನ್ನುವುದು ಅದರಲ್ಲೇ ಸಿಗುತ್ತದೆ. ಈ ಲೇಖನದಲ್ಲಿ ಅದನ್ನು "ಅಂತರ" ಅನ್ನೋಣ. ತಿಂಗಳಿಗೊಮ್ಮೆ ಬರುವ ವ್ಯಾಪಾರವಾದರೆ ಮೂರು ತಿಂಗಳು ಬರೆಯಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಈ ಪುಟ ಇಲ್ಲದಿದ್ದರೆ ಯೋಜನೆಯಿಂದ ಲಾಭ ಆಯಿತಾ ಇಲ್ಲವಾ ಅನ್ನುವುದು ಕೊನೆಗೂ ಗೊತ್ತಾಗುವುದಿಲ್ಲ.

ನನ್ನ ಅನುಭವದಲ್ಲಿ ಕಾರ್ಡ್ ಎರಡು ಮೂರು ತಿಂಗಳೊಳಗೆ ತುಂಬಬೇಕು. ಅದಕ್ಕಿಂತ ತಡವಾದರೆ ಪರ್ಸಿನ ಮೂಲೆ ಸೇರುತ್ತದೆ, ಇಲ್ಲವೇ ಪ್ಯಾಂಟಿನ ಜೊತೆ ವಾಷಿಂಗ್ ಮಷಿನ್ನಿಗೆ ಹೋಗುತ್ತದೆ. ಹಾಗಾಗಿ "10 ಸಲ" ಅನ್ನುವ ಸಂಖ್ಯೆಯನ್ನು ಸುಮ್ನೆ ಬೇರೆಯವರನ್ನು ನೋಡಿ ಹಾಕಬೇಡಿ. ಟೀ ಅಂಗಡಿಗೆ 10 ಸಲ ಅಂದರೆ ಹತ್ತು ದಿನ. ಕಾಫಿಪುಡಿ ಅಂಗಡಿಗೆ ಐದು ತಿಂಗಳು. ಸಲೂನಿಗೆ ಹತ್ತು ತಿಂಗಳು.

ಹಂತ 2: ಯಾವ ಬಗೆ ನಿಮಗೆ ಹೊಂದುತ್ತದೆ?

ಸೀಲ್ ಕಾರ್ಡ್ ಎಲ್ಲರಿಗೂ ಹೊಂದುವುದಿಲ್ಲ. ಪ್ರತಿ ಸಲ ಹೆಚ್ಚು ಕಡಿಮೆ ಒಂದೇ ಮೊತ್ತದ ವ್ಯಾಪಾರ ಆಗುವ ಕಡೆ ಅದು ಚೆನ್ನ. ಕಾಫಿಪುಡಿ, ಸಲೂನು, ಜ್ಯೂಸ್ ಅಂಗಡಿ, ಇಸ್ತ್ರಿ ಅಂಗಡಿ, ನೀರಿನ ಕ್ಯಾನ್ ಇದಕ್ಕೆ ಉದಾಹರಣೆ.

ದಿನಸಿ ಅಂಗಡಿಯಲ್ಲಿ ಒಬ್ಬರು 40 ರೂಪಾಯಿಗೆ ಕೊಂಡರೆ ಇನ್ನೊಬ್ಬರು ತಿಂಗಳ ಸಾಮಾನಿಗೆ 5,000 ರೂಪಾಯಿ ಕೊಡುತ್ತಾರೆ. ಇಬ್ಬರಿಗೂ ಒಂದೊಂದು ಸೀಲ್ ಅಂದರೆ ನ್ಯಾಯವಲ್ಲ. ಅಲ್ಲಿ ಪಾಯಿಂಟ್ ಲೆಕ್ಕ ಒಳ್ಳೆಯದು. 100 ರೂಪಾಯಿಗೆ 1 ಪಾಯಿಂಟ್, ಇಷ್ಟು ಪಾಯಿಂಟಿಗೆ ಇಂಥ ವಸ್ತು ಅಂತ ಗೋಡೆ ಮೇಲೆ ಬರೆದು ಹಾಕಿ. ಒಂದು ಪಾಯಿಂಟಿಗೆ ಒಂದು ರೂಪಾಯಿ ಅಂತ ಹಿಡಿದರೆ 5,000 ರೂಪಾಯಿಗೆ 50 ರೂಪಾಯಿ ವಾಪಸ್, ಅಂದರೆ ಶೇ. 1. ದಿನಸಿಯ ಸಣ್ಣ ಲಾಭಕ್ಕೆ ಅದಕ್ಕಿಂತ ಜಾಸ್ತಿ ಕೊಡುವುದು ಕಷ್ಟ. 50 ರೂಪಾಯಿ ನೋಟು ಕೊಟ್ಟರೆ ಯಾರೂ ನೆನಪಿಡುವುದಿಲ್ಲ. ಎರಡು ಮೂರು ತಿಂಗಳ ಪಾಯಿಂಟ್ ಸೇರಿಸಿ ಒಂದು ಸ್ಟೀಲ್ ಡಬ್ಬಿ ಕೊಡಿ. ವರ್ಷಗಟ್ಟಲೆ ಅಡುಗೆಮನೆಯಲ್ಲಿ ಇರುತ್ತದೆ. ಸಗಟು ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ತಂದರೆ ಬೆಲೆಯೂ ಇಳಿಯುತ್ತದೆ.

ಮೂರನೆಯದು ಮುಂಗಡ ಕೂಪನ್. ನಮ್ಮೂರುಗಳ ಮೆಸ್ಸಿನಲ್ಲಿ 30 ಊಟದ ಕೂಪನ್ ಪುಸ್ತಕ ಕೊಡುತ್ತಾರಲ್ಲ, ಅದು. ಗಿರಾಕಿ ಮೊದಲೇ ದುಡ್ಡು ಕೊಟ್ಟಿರುವುದರಿಂದ ಬಂದೇ ಬರುತ್ತಾರೆ. ನಿಮ್ಮ ಅಂಗಡಿಯಲ್ಲಿ ಮಾತ್ರ ನಡೆಯುವ, ನಗದಾಗಿ ವಾಪಸ್ ಸಿಗದ ಇಂಥ ಕೂಪನ್ನಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಡ. ಆದರೆ ಆ ದುಡ್ಡು ಗಲ್ಲಾಕ್ಕೆ ಬಿದ್ದ ಕೂಡಲೇ ನಿಮ್ಮದಾಗಲಿಲ್ಲ. ಊಟ ಬಡಿಸಿದಾಗ ಒಂದೊಂದಾಗಿ ನಿಮ್ಮದಾಗುತ್ತದೆ. ಕೂಪನ್ ದುಡ್ಡಲ್ಲಿ ಹೊಸ ಫ್ರಿಜ್ ತಂದು, ತಿಂಗಳ ಕೊನೆಗೆ ಅಕ್ಕಿಗೆ ದುಡ್ಡಿಲ್ಲದೆ ಒದ್ದಾಡುವುದು ತುಂಬಾ ಕಡೆ ಆಗುವ ತಪ್ಪು. ಬೇರೆ ಖಾತೆಯಲ್ಲಿ ಇಡಿ.

ಸೀರೆ, ಪೀಠೋಪಕರಣ, ಮಿಕ್ಸಿಯಂಥ ವ್ಯಾಪಾರಕ್ಕೆ ಕಾರ್ಡ್ ಬೇಡ. ವರ್ಷಕ್ಕೆ ಎರಡು ಸಲ ಬರುವವರು ಕಾರ್ಡ್ ಇಟ್ಟುಕೊಳ್ಳುವುದಿಲ್ಲ. ಅಲ್ಲಿ ಮರಳಿ ಕರೆಯುವುದು ಸೇವೆ. ಸೀರೆಗೆ ಫಾಲ್ಸ್ ಉಚಿತವಾಗಿ ಹಾಕಿಕೊಡಿ. "ಮುಂದಿನ ಸೀರೆಗೆ ಕುಚ್ಚು ನಮ್ಮ ಕಡೆಯಿಂದ" ಅಂತ ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿ ಕೊಡಿ. ಫಾಲ್ಸ್ ಹಾಕಿದ ಸೀರೆ ತೆಗೆದುಕೊಂಡು ಹೋಗಲು ಅವರು ಹೇಗೂ ಇನ್ನೊಮ್ಮೆ ಬರಬೇಕು. ಆಗ ಹೊಸ ಸ್ಟಾಕ್ ಕಣ್ಣಿಗೆ ಬೀಳುತ್ತದೆ.

ಹಂತ 3: ಲೆಕ್ಕ

ಇಡೀ ಕೆಲಸದ ಜೀವಾಳ ಇದೇ. ನಿಧಾನವಾಗಿ ಓದಿ.

ಒಂದು ಕಾಫಿಪುಡಿ ಅಂಗಡಿ ಅಂತ ಇಟ್ಟುಕೊಳ್ಳಿ. ಅರ್ಧ ಕೆಜಿ ಪುಡಿಯ ಮಾರಾಟದ ಬೆಲೆ 350 ರೂಪಾಯಿ. ಬೀಜ, ಚಿಕೋರಿ, ಹುರಿಯುವುದು, ಕವರ್ ಎಲ್ಲ ಸೇರಿ ಅಸಲು 270. ಉಳಿಯುವುದು 80. ಈ 80ಕ್ಕೆ ಮಾರ್ಜಿನ್ ಅನ್ನುತ್ತಾರೆ. ಬಾಡಿಗೆ, ಸಂಬಳ, ಕರೆಂಟ್ ಬಿಲ್ ಇನ್ನೂ ಇದರಲ್ಲೇ ಹೋಗಬೇಕು. ಆದ್ದರಿಂದ 80 ಪೂರ್ತಿ ಲಾಭವಲ್ಲ.

ಮೊದಲು ಎಲ್ಲರ ತಲೆಗೂ ಬರುವುದು ಡಿಸ್ಕೌಂಟ್. "ಖಾಯಂ ಗಿರಾಕಿಗೆ ಶೇ. 10 ಕಡಿಮೆ." ಗಿರಾಕಿಗೆ ಸಿಗುವುದು 35 ರೂಪಾಯಿ. ನಿಮಗೆ ಉಳಿಯುವುದು 80ರ ಬದಲು 45. ಮೊದಲು 10 ಪ್ಯಾಕಿನಲ್ಲಿ ಉಳಿಯುತ್ತಿದ್ದಷ್ಟು ಉಳಿಯಬೇಕಾದರೆ ಈಗ ಸುಮಾರು 18 ಪ್ಯಾಕ್ ಮಾರಬೇಕು. ಬೆಲೆಯಲ್ಲಿ ಶೇ. 10 ಅಂತ ಕಾಣುವುದು ಮಾರ್ಜಿನ್ನಿನಲ್ಲಿ ಶೇ. 44. ಡಿಸ್ಕೌಂಟ್ ಕೊಡುವ ಹೆಚ್ಚಿನವರು ಈ ಎರಡನೆಯ ಅಂಕಿಯನ್ನು ನೋಡುವುದೇ ಇಲ್ಲ. ಜೊತೆಗೆ, ಒಂದು ಸಲ 315ಕ್ಕೆ ಕೊಟ್ಟರೆ ಗಿರಾಕಿಯ ತಲೆಯಲ್ಲಿ ಅದೇ ನಿಜವಾದ ಬೆಲೆಯಾಗಿ ಕೂರುತ್ತದೆ.

ಎರಡನೆಯ ಯೋಚನೆ, "10 ಸಲ ಕೊಂಡರೆ ಅರ್ಧ ಕೆಜಿ ಉಚಿತ." ಹತ್ತು ಪ್ಯಾಕಿನಿಂದ 800 ರೂಪಾಯಿ ಮಾರ್ಜಿನ್ ಬಂತು. ಉಚಿತ ಪ್ಯಾಕಿನ ಅಸಲು 270. ಮೂರರಲ್ಲಿ ಒಂದು ಪಾಲು ಹೋಯಿತು. ಮೇಲಾಗಿ 15 ದಿನದ ಅಂತರದಲ್ಲಿ ಕಾರ್ಡ್ ತುಂಬಲು ಐದು ತಿಂಗಳು ಬೇಕು. ದುಬಾರಿಯೂ ಹೌದು, ನಿಧಾನವೂ ಹೌದು.

ಈಗ ತಿದ್ದೋಣ. ಆರು ಸಲಕ್ಕೆ ಇಳಿಸಿ. ಮೊದಲ ದಿನದ ಖರೀದಿಯೂ ಸೇರಿ ಆರು ಅಂದರೆ ಸುಮಾರು ಎರಡೂವರೆ ತಿಂಗಳು. ಮಾರ್ಜಿನ್ 480. ಬಹುಮಾನವಾಗಿ ಅದೇ ಪುಡಿ ಕೊಡುವ ಬದಲು 100 ಗ್ರಾಂ ಪೀಬೆರಿ ಪುಡಿ ಕೊಡಿ. ಪೀಬೆರಿ ಅಂದರೆ ಒಂದು ಹಣ್ಣಿನಲ್ಲಿ ಎರಡು ಬೀಜದ ಬದಲು ದುಂಡಗೆ ಒಂದೇ ಬೀಜ ಇರುವ ಕಾಫಿ. ಅದಕ್ಕೆ ಬೆಲೆ ಸ್ವಲ್ಪ ಜಾಸ್ತಿ. 100 ಗ್ರಾಂಗೆ ಅಸಲು 65, ಮಾರಾಟದ ಬೆಲೆ 90 ಅಂತ ಹಿಡಿಯೋಣ. ಗಿರಾಕಿಗೆ 90 ರೂಪಾಯಿಯ ಬಹುಮಾನ. ನಿಮಗೆ 65 ಖರ್ಚು, ಮಾರ್ಜಿನ್ನಿನ ಶೇ. 14ರ ಆಸುಪಾಸು. ರುಚಿ ಹಿಡಿಸಿದವರು ಮುಂದಿನ ಸಲ ಪೀಬೆರಿಯನ್ನೇ ಕೇಳಿದರೆ ಆ 65 ಬೇಗ ವಾಪಸ್ ಬರುತ್ತದೆ.

ಬಹುಮಾನ ಆರಿಸುವ ದಾರಿ ಇದು: ಗಿರಾಕಿಗೆ ದೊಡ್ಡದಾಗಿ ಕಾಣಬೇಕು, ನಿಮಗೆ ಅಸಲು ಕಡಿಮೆ ಇರಬೇಕು, ಅವರು ಇನ್ನೂ ಕೊಂಡಿರದ ವಸ್ತುವಾದರೆ ಇನ್ನೂ ಒಳ್ಳೆಯದು. ಬೇಕರಿಯಲ್ಲಿ ಖಾರ ಬನ್ ಕೊಳ್ಳುವವರಿಗೆ ದಿಲ್‌ಪಸಂದ್. ಸಲೂನಿನಲ್ಲಿ ಕಟಿಂಗ್ ಮಾಡಿಸುವವರಿಗೆ ಹೆಡ್ ಮಸಾಜ್, ಅದೂ ಬುಧವಾರ ಗುರುವಾರ ಮಧ್ಯಾಹ್ನ ಕುರ್ಚಿ ಖಾಲಿ ಇರುವ ಹೊತ್ತಿನಲ್ಲಿ. ಭಾನುವಾರ ಬೆಳಿಗ್ಗೆ ಸಾಲು ನಿಂತಿರುವಾಗ ಉಚಿತ ಮಸಾಜ್ ಮಾಡಿದರೆ ಹಿಂದೆ ಕೂತಿರುವ ದುಡ್ಡಿನ ಗಿರಾಕಿ ಎದ್ದು ಹೋಗುತ್ತಾರೆ.

ಕೊನೆಯ ಲೆಕ್ಕ, ತುಂಬಾ ಮುಖ್ಯವಾದದ್ದು. ಈ ಆರು ಖರೀದಿಯಲ್ಲಿ ಐದನ್ನು ಅವರು ಕಾರ್ಡ್ ಇಲ್ಲದಿದ್ದರೂ ನಿಮ್ಮಲ್ಲೇ ಮಾಡುತ್ತಿದ್ದರು ಅಂತ ತಿಳಿಯಿರಿ. ಕಾರ್ಡಿನ ದೆಸೆಯಿಂದ ಬಂದದ್ದು ಒಂದು. ಅದರ ಮಾರ್ಜಿನ್ 80, ಬಹುಮಾನದ ಖರ್ಚು 65. 15 ರೂಪಾಯಿ ಮಿಕ್ಕಿತು. ಆ ಒಂದು ಖರೀದಿಯೂ ಹೊಸದಲ್ಲವಾದರೆ 65 ರೂಪಾಯಿ ಸುಮ್ನೆ ಹಂಚಿದಂತೆ. ಆದ್ದರಿಂದ ನೀವು ಕೇಳಿಕೊಳ್ಳಬೇಕಾದದ್ದು ಇಷ್ಟೇ: "ಒಂದು ಕಾರ್ಡಿಗೆ ಎಷ್ಟು ಹೊಸ ಖರೀದಿ ಬಂದರೆ ಬಹುಮಾನದ ದುಡ್ಡು ಹುಟ್ಟುತ್ತದೆ?" ಬಹುಮಾನದ ಅಸಲನ್ನು ಒಂದು ಖರೀದಿಯ ಮಾರ್ಜಿನ್ನಿನಿಂದ ಭಾಗಿಸಿ. ಉತ್ತರ ಒಂದರ ಒಳಗೆ ಬಂದರೆ ಮುಂದುವರಿಯಿರಿ. ಎರಡು, ಮೂರು ಬಂದರೆ ಬಹುಮಾನ ಇಳಿಸಿ.

ಹಂತ 4: ಕಾರ್ಡ್ ಮಾಡಿಸುವುದು

ಕಾರ್ಡಿನಲ್ಲಿ ಸೀಲ್ ಹಾಕುವ ಚೌಕಗಳನ್ನು "ಮನೆ" ಅನ್ನೋಣ. ಎರಡು ಮನೆ ಮೊದಲೇ ತುಂಬಿ ಕೊಡಿ. ಜೋಸೆಫ್ ನ್ಯೂನ್ಸ್, ಜೇವಿಯರ್ ಡ್ರೆಜ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ಒಂದು ಕಾರು ತೊಳೆಯುವ ಅಂಗಡಿಯಲ್ಲಿ 300 ಕಾರ್ಡ್ ಹಂಚಿ ಇದನ್ನು ಪರೀಕ್ಷಿಸಿದ್ದರು. 2006ರಲ್ಲಿ ಅದು ಪ್ರಕಟವಾಯಿತು. ಅರ್ಧ ಜನರಿಗೆ 8 ಖಾಲಿ ಮನೆಯ ಕಾರ್ಡ್. ಉಳಿದ ಅರ್ಧಕ್ಕೆ 10 ಮನೆಯ ಕಾರ್ಡ್, ಅದರಲ್ಲಿ 2 ಆಗಲೇ ತುಂಬಿದ್ದವು. ಎರಡೂ ಗುಂಪಿನವರು ಕಾರು ತೊಳೆಸಬೇಕಾದದ್ದು 8 ಸಲವೇ. ಖಾಲಿ ಕಾರ್ಡಿನವರಲ್ಲಿ ಶೇ. 19 ಜನ ಪೂರ್ತಿ ಮಾಡಿದರು. ಎರಡು ತುಂಬಿದ್ದವರಲ್ಲಿ ಶೇ. 34. ಬಹುಮಾನ ಒಂದೇ, ಕೆಲಸ ಒಂದೇ. ಆಗಲೇ ಶುರುವಾಗಿದೆ ಅನ್ನಿಸಿದರೆ ಮುಗಿಸಬೇಕು ಅನ್ನಿಸುತ್ತದೆ.

ನಮ್ಮ ಕಾಫಿಪುಡಿ ಅಂಗಡಿಗೆ ಇದನ್ನು ಹೀಗೆ ಹಾಕಿ. 8 ಮನೆಯ ಕಾರ್ಡ್. ಎರಡು ಅಂಗಡಿಯ ಕಡೆಯಿಂದ. ಇವತ್ತಿನ ಖರೀದಿಗೆ ಒಂದು. ಮೊದಲ ದಿನವೇ ಮೂರು ತುಂಬಿ, ಐದು ಉಳಿಯುತ್ತದೆ. ಖರೀದಿಯ ಲೆಕ್ಕ ಆರೇ. ಮನೆಗಳನ್ನು ಸುಮ್ನೆ ಹೆಚ್ಚಿಸಿ, ಎರಡು ಉಚಿತ ಅಂತ ತೋರಿಸಿ, ಗಿರಾಕಿಯಿಂದ ಎಂಟು ಖರೀದಿ ಮಾಡಿಸಬೇಡಿ.

ಮುದ್ರಣದ ಬಗ್ಗೆ ಕೆಲವು ಮಾತು. ವಿಸಿಟಿಂಗ್ ಕಾರ್ಡಿನ ಅಳತೆ ಸಾಕು, ಪರ್ಸಿನಲ್ಲಿ ಕೂರಬೇಕು. ಹೊಳೆಯುವ ಲ್ಯಾಮಿನೇಷನ್ ಬೇಡ. ಸೀಲಿನ ಶಾಯಿ ಅದರ ಮೇಲೆ ಒಣಗುವುದಿಲ್ಲ, ಕೈಗೆಲ್ಲ ಹತ್ತುತ್ತದೆ. ಸ್ಟೇಷನರಿಯಲ್ಲಿ ಸಿಗುವ ನಕ್ಷತ್ರದ ಸೀಲ್ ಬೇಡ, ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ನಿಮ್ಮ ಅಂಗಡಿ ಹೆಸರಿನ ಮೊದಲ ಅಕ್ಷರ ಕನ್ನಡದಲ್ಲಿ ಕೊರೆಸಿ ಸೀಲ್ ಮಾಡಿಸಿ. ಸೀಲಿನ ಪಕ್ಕ ದಿನಾಂಕ ಬರೆಯಲು ಚೂರು ಜಾಗ ಬಿಡಿ. ಮುಂದೆ ಲಾಭ ನಷ್ಟ ಅಳೆಯುವಾಗ ಆ ದಿನಾಂಕಗಳೇ ಬೇಕಾಗುತ್ತವೆ. ಪ್ರತಿ ಕಾರ್ಡಿಗೂ ಕ್ರಮಸಂಖ್ಯೆ ಇರಲಿ. ಮೊದಲ ಸಲ 200 ಮಾಡಿಸಿ, 2,000 ಬೇಡ.

ಹಿಂಬದಿಯಲ್ಲಿ ನಿಯಮ ಐದು ಸಾಲು ಮೀರದಿರಲಿ. ಎಷ್ಟು ಖರೀದಿಗೆ ಒಂದು ಸೀಲ್, ಬಹುಮಾನ ಏನು, ಯಾವ ದಿನಾಂಕದವರೆಗೆ ನಡೆಯುತ್ತದೆ, ಕಾರ್ಡ್ ಕಳೆದರೆ ಏನು, ಯಾವುದಕ್ಕೆ ಸೀಲ್ ಇಲ್ಲ. ಇಷ್ಟೇ. ಅಕ್ಷರ ದೊಡ್ಡದಾಗಿರಲಿ, ಕನ್ನಡಕ ಇಲ್ಲದೆ ಓದುವಂತಿರಲಿ. "ಷರತ್ತುಗಳು ಅನ್ವಯಿಸುತ್ತವೆ" ಅನ್ನುವ ಸಾಲು ಬೇಡ. ಷರತ್ತು ಇದ್ದರೆ ಅಲ್ಲೇ ಬರೆಯಿರಿ.

ಎಲ್ಲರೂ ಕಾರ್ಡ್ ಮರೆತೇ ಬರುತ್ತಾರೆ. ಅದಕ್ಕೆ ಸುಲಭ ಉಪಾಯ, ಕಾರ್ಡನ್ನು ಅಂಗಡಿಯಲ್ಲೇ ಇಟ್ಟುಕೊಳ್ಳುವುದು. ಒಂದು ಉದ್ದದ ಡಬ್ಬಿ, ಅ ಆ ಇ ಈ ಅಂತ ರಟ್ಟಿನ ಗುರುತು, ಹೆಸರಿನ ಪ್ರಕಾರ ಜೋಡಿಸಿದ ಕಾರ್ಡು. ವಯಸ್ಸಾದವರಿಗೆ ಇದು ತುಂಬಾ ಇಷ್ಟವಾಗುತ್ತದೆ. "ನಿಮ್ಮ ಕಾರ್ಡ್ ಇಲ್ಲೇ ಇದೆ ಅಮ್ಮ" ಅಂತ ತೆಗೆದು ತೋರಿಸಿ ಸೀಲ್ ಹಾಕುವಾಗ ಅವರ ಮುಖ ನೋಡಿ.

ಹಂತ 5: ಫೋನ್ ನಂಬರ್, ವಾಟ್ಸಾಪ್

ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೆ ಅದರಲ್ಲೇ ಪಾಯಿಂಟ್ ಲೆಕ್ಕ ಇರಬಹುದು, ನೋಡಿ. ಇಲ್ಲದಿದ್ದರೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು. ಗಿರಾಕಿಗಳಿಗೆ "ಐದು ಸೀಲ್ ಆಯಿತು", "ತುಂಬಿದೆ" ಅಂತ ಲೇಬಲ್ ಹಾಕಬಹುದು. ಬ್ರಾಡ್‌ಕಾಸ್ಟ್ ಪಟ್ಟಿ, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ, ಒಂದಕ್ಕೆ 256 ಜನ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಆ ಸಂದೇಶ ತಲುಪುತ್ತದೆ. ಕಾರ್ಡ್ ಕೊಡುವಾಗಲೇ ಸೇವ್ ಮಾಡಿಕೊಳ್ಳಲು ಕೇಳಿ. ಎಲ್ಲರನ್ನೂ ಒಂದು ಗ್ರೂಪಿಗೆ ಹಾಕಬೇಡಿ. ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಅದರಿಂದ ಆಗುವ ತೊಂದರೆ ಸಣ್ಣದಲ್ಲ.

ಸಾವಿರಾರು ಜನಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು ಅಂದುಕೊಂಡಿದ್ದರೆ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಡಿಎಲ್‌ಟಿ ನೋಂದಣಿ ಮಾಡಿಸಬೇಕು. ಅಂದರೆ ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡನ್ನೂ ಮೊದಲೇ ಟೆಲಿಕಾಂ ಕಂಪನಿಯ ಬಳಿ ನೋಂದಾಯಿಸುವುದು. ಸಣ್ಣ ಅಂಗಡಿಗೆ ಅಷ್ಟೆಲ್ಲ ಬೇಡ.

ನಂಬರ್ ಕೊಡಲು ಇಷ್ಟವಿಲ್ಲದವರನ್ನು ಬಲವಂತ ಮಾಡಬೇಡಿ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಹೇಳಿದೆ. ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಅದರ ಸಾರ ಸರಳ: ಯಾಕೆ ಬೇಕು ಅಂತ ಹೇಳಿ, ಒಪ್ಪಿಗೆ ಕೇಳಿ, ಹೇಳಿದ ಕೆಲಸಕ್ಕೆ ಮಾತ್ರ ಬಳಸಿ, ಬೇಡ ಅಂದರೆ ತೆಗೆಯಿರಿ. ನಿಮ್ಮ ಗಿರಾಕಿಗಳ ಪಟ್ಟಿಯನ್ನು ಪಕ್ಕದ ಚಿಟ್ ಫಂಡಿನವರಿಗೆ, ಸೈಟ್ ಮಾರುವವರಿಗೆ ಕೊಡಲೇಬೇಡಿ.

ಹಂತ 6: ಕಾನೂನು, ತೆರಿಗೆ

ಜಿಎಸ್‌ಟಿ ಕಟ್ಟುವವರು ಬಹುಮಾನವನ್ನು ಆದಷ್ಟೂ ಒಂದು ಖರೀದಿಯ ಜೊತೆ, ಅದೇ ಬಿಲ್ಲಿನಲ್ಲಿ, ಡಿಸ್ಕೌಂಟ್ ಅಂತ ತೋರಿಸಿ ಕೊಡಿ. ಮಾರಾಟದ ಹೊತ್ತಿನಲ್ಲೇ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ಡಿಸ್ಕೌಂಟಿನ ಮೊತ್ತಕ್ಕೆ ತೆರಿಗೆ ಬರುವುದಿಲ್ಲ. ಸಿಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಇದನ್ನು ಹೇಳುತ್ತದೆ. ಬಿಲ್ಲೇ ಇಲ್ಲದೆ ಉಡುಗೊರೆಯಾಗಿ ಕೊಟ್ಟರೆ, ಆ ವಸ್ತುವಿನ ಮೇಲೆ ನೀವು ಪಡೆದ ಇನ್‌ಪುಟ್ ಕ್ರೆಡಿಟ್ ಬಿಟ್ಟುಕೊಡಬೇಕಾಗುತ್ತದೆ. ಇನ್‌ಪುಟ್ ಕ್ರೆಡಿಟ್ ಅಂದರೆ ಮಾಲು ತರುವಾಗ ಕಟ್ಟಿದ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ. ಕಾಂಪೋಸಿಷನ್ ಸ್ಕೀಮಿನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಯೋಜನೆಯಲ್ಲಿ, ಇರುವವರಿಗೆ ಈ ಕ್ರೆಡಿಟ್ಟೇ ಇಲ್ಲ, ಹಾಗಾಗಿ ಈ ಚಿಂತೆಯೂ ಇಲ್ಲ. ನಿಮ್ಮ ಲೆಕ್ಕ ನೋಡುವವರಿಗೆ ಯೋಜನೆ ಶುರುವಾಗುವ ಮೊದಲೇ ಒಂದು ಮಾತು ಹೇಳಿ.

ಕೆಲವು ವಸ್ತುಗಳಿಗೆ ಸೀಲ್ ಹಾಕಲೇಬಾರದು. ಬೀಡಿ, ಸಿಗರೇಟು, ಗುಟ್ಕಾ ಬೇಡ. ತಂಬಾಕಿಗೆ ಉತ್ತೇಜನ ಕೊಡುವುದನ್ನು 2003ರ ಕಾಯ್ದೆ ತಡೆಯುತ್ತದೆ. ಹಸುಗೂಸುಗಳ ಹಾಲಿನ ಪುಡಿಗೂ ಬೇಡ. ತಾಯಿಹಾಲಿನ ಬದಲು ಕೊಡುವ ಪುಡಿಗೆ ಉಡುಗೊರೆ, ಆಮಿಷ ಯಾವುದನ್ನೂ ಕೊಡಬಾರದು ಅಂತ 1992ರಿಂದ ಕಾನೂನಿದೆ. ಇದು ಎಷ್ಟೋ ದಿನಸಿ ಅಂಗಡಿಯವರಿಗೆ ಗೊತ್ತೇ ಇಲ್ಲ. ಮೆಡಿಕಲ್ ಸ್ಟೋರಿನವರು ಮಾತ್ರೆ, ಟಾನಿಕ್‌ಗಳಿಗೆ ಸೀಲ್ ಹಾಕುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಹುಮಾನಕ್ಕಾಗಿ ಯಾರೂ ಒಂದು ಮಾತ್ರೆಯನ್ನೂ ಜಾಸ್ತಿ ಕೊಳ್ಳಬಾರದು. ಸೋಪು, ಪೇಸ್ಟಿಗೆ ಹಾಕಿ, ಸಾಕು.

ಲಕ್ಕಿ ಡ್ರಾ ಮಾಡೋಣ ಅನ್ನುವವರಿಗೆ ನನ್ನ ಉತ್ತರ: "ಬೇಡ." ಮಾರಾಟ ಹೆಚ್ಚಿಸಲು ಲಾಟರಿ, ಅದೃಷ್ಟದ ಆಟ ನಡೆಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಬಹುಮಾನ ಕೊಡುತ್ತೇವೆ ಅಂತ ಹೇಳಿ, ಕೊಡುವ ಮನಸ್ಸೇ ಇಲ್ಲದಿರುವುದೂ ಅದೇ ಪಟ್ಟಿಯಲ್ಲಿದೆ. ಇನ್ನು ಬೆಲೆ ಏರಿಸಿ ಬಹುಮಾನದ ಖರ್ಚು ತುಂಬಿಕೊಳ್ಳುವ ಯೋಚನೆ ಬಂದರೆ ಅಲ್ಲೇ ಬಿಡಿ. ಪ್ಯಾಕ್ ಮಾಡಿದ ಸಾಮಾನನ್ನು ಎಂಆರ್‌ಪಿಗಿಂತ ಜಾಸ್ತಿಗೆ ಮಾರುವಂತಿಲ್ಲ. ಬಿಡಿ ಸಾಮಾನಿನ ಬೆಲೆ ಏರಿಸಿದರೆ ಖಾಯಂ ಗಿರಾಕಿಗೇ ಮೊದಲು ಗೊತ್ತಾಗುತ್ತದೆ.

ಹಂತ 7: ಕೌಂಟರಿನಲ್ಲಿ ನಡೆಸುವುದು

ಕಾರ್ಡ್ ಎಷ್ಟೇ ಚೆನ್ನಾಗಿದ್ದರೂ ಕೌಂಟರಿನಲ್ಲಿ ನಿಂತವರು ಬಾಯಿ ಬಿಡದಿದ್ದರೆ ನಡೆಯುವುದಿಲ್ಲ. ಎರಡು ವಾಕ್ಯ ಕಲಿಸಿ. ಕೊಡುವಾಗ: "ಅಕ್ಕ, ಇದರಲ್ಲಿ ಮೂರು ಸೀಲ್ ಹಾಕಿದೀನಿ, ಇನ್ನು ಐದು ಸಲ ತಗೊಂಡ್ರೆ ಪೀಬೆರಿ ನಮ್ಮ ಕಡೆಯಿಂದ." ಆಮೇಲೆ ಪ್ರತಿ ಸಲ: "ಅಣ್ಣ, ಇನ್ನೆರಡೇ ಬಾಕಿ." ಈ ಎರಡನೆಯದು ಚಿಕ್ಕದಾಗಿ ಕಂಡರೂ ಕೆಲಸ ಮಾಡುತ್ತದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕೆಫೆಯಲ್ಲಿ 10 ಕಾಫಿಯ ಕಾರ್ಡ್ ಇಟ್ಟು ನೋಡಿದಾಗ, ಕಾರ್ಡ್ ತುಂಬುತ್ತಾ ಬಂದಂತೆ ಜನ ಬೇಗ ಬೇಗ ಬಂದು ಕಾಫಿ ಕೊಂಡರು. ಗುರಿ ಹತ್ತಿರ ಕಂಡರೆ ನಡಿಗೆ ಚುರುಕಾಗುತ್ತದೆ. ದೇವಸ್ಥಾನದ ಗೋಪುರ ಕಂಡ ಮೇಲೆ ಪಾದಯಾತ್ರೆಯವರ ಕಾಲು ಚುರುಕಾಗುತ್ತದಲ್ವಾ, ಹಾಗೆ.

ಉದ್ರಿ ಗಿರಾಕಿಗೆ ದುಡ್ಡು ಕೊಟ್ಟ ದಿನ ಸೀಲ್ ಹಾಕಿ, ಸಾಮಾನು ಒಯ್ದ ದಿನ ಬೇಡ. ಇದನ್ನು ಮೊದಲೇ ಮೆಲ್ಲಗೆ ಹೇಳಿಬಿಡಿ. ಬಾಕಿ ಬೇಗ ತೀರಲು ಇದೂ ಒಂದು ನೆಪವಾಗುತ್ತದೆ.

ಸೀಲ್ ಗಲ್ಲಾದ ಒಳಗೇ ಇರಲಿ. ದಿನದ ಕೊನೆಗೆ ಎಷ್ಟು ಸೀಲ್ ಹಾಕಿದಿರಿ (ಹೊಸ ಕಾರ್ಡಿಗೆ ಅಂಗಡಿಯ ಕಡೆಯಿಂದ ಹಾಕಿದ ಎರಡನ್ನು ಬಿಟ್ಟು), ಎಷ್ಟು ಬಿಲ್ ಆಯಿತು, ಎರಡೂ ಬರೆಯಿರಿ. ಸೀಲ್ ಜಾಸ್ತಿ, ಬಿಲ್ ಕಡಿಮೆ ಇದ್ದರೆ ಯಾರೋ ಗೆಳೆಯರ ಕಾರ್ಡ್ ತುಂಬುತ್ತಿದ್ದಾರೆ. ಕೂಗಾಡುವ ಮೊದಲು ಇನ್ನೊಂದು ವಿಷಯ ನೋಡಿ. ಗಿರಾಕಿ ಕಾರ್ಡ್ ಮರೆತು ಬಂದಾಗ ಆಗದ ಸೀಲನ್ನು ಮರುದಿನ ಒಟ್ಟಿಗೆ ಎರಡು ಹಾಕಿರಬಹುದು.

ಈಗ ಮೊದಲೇ ಹೇಳಿದ ಸಾಲದ ಮಾತು. ನಮ್ಮ ಲೆಕ್ಕದಲ್ಲಿ 65 ರೂಪಾಯಿಯ ಬಹುಮಾನ ಆರು ಖರೀದಿಗೆ. ಅಂದರೆ ಒಂದು ಖರೀದಿಯ ಸೀಲಿಗೆ ಸುಮಾರು 11 ರೂಪಾಯಿ. ದಿನಕ್ಕೆ 20 ಸೀಲ್ ಹಾಕಿದರೆ 220 ರೂಪಾಯಿಯನ್ನು ಆ ರಾತ್ರಿಯೇ ಬೇರೆ ಡಬ್ಬಿಗೆ ಹಾಕಿ. ಬಹುಮಾನ ಕೊಡುವಾಗ ಆ ಡಬ್ಬಿಯಿಂದ ಅಸಲು ತೆಗೆಯಿರಿ. ಹೀಗೆ ಮಾಡಿದರೆ ತುಂಬಿದ ಕಾರ್ಡ್ ಹಿಡಿದು ಬಂದವರನ್ನು ಕಂಡಾಗ ನಿಮ್ಮ ಮುಖ ಸಣ್ಣದಾಗುವುದಿಲ್ಲ. ಒಂದು ಬೇಕರಿಯಲ್ಲಿ ತುಂಬಿದ ಕಾರ್ಡ್ ಕೊಟ್ಟಾಗ ನನಗೆ "ಇವತ್ತು ಓನರ್ ಇಲ್ಲ, ನಾಳೆ ಬನ್ನಿ" ಅಂದರು. ಮರುದಿನ "ಆ ಐಟಂ ಖಾಲಿ" ಅಂದರು. ನಾನು ಮತ್ತೆ ಆ ಕಡೆ ಹೋಗಲಿಲ್ಲ. ಕಾರ್ಡ್ ಇಲ್ಲದಿದ್ದರೆ ಇವತ್ತಿಗೂ ಹೋಗುತ್ತಿದ್ದೆ. ಹೇಳಿದ ವಸ್ತು ಖಾಲಿಯಾಗಿದ್ದರೆ ಅಷ್ಟೇ ಬೆಲೆಯ, ಬೇಕಾದರೆ ಒಂದು ಕೈ ಮೇಲಿನದನ್ನೇ, ಅಲ್ಲೇ ಕೊಡಿ.

ಹಂತ 8: ಮೂರು ತಿಂಗಳ ನಂತರ ನೋಡುವುದು

ನಾಲ್ಕು ಅಂಕಿ ಬೇಕು. ಎಷ್ಟು ಕಾರ್ಡ್ ಕೊಟ್ಟಿರಿ, ಅದರಲ್ಲಿ ಎಷ್ಟು ಜನ ಎರಡನೆಯ ಸಲ ಬಂದರು, ಎಷ್ಟು ಕಾರ್ಡ್ ತುಂಬಿದವು, ಎಷ್ಟು ಬಹುಮಾನ ಹೋಯಿತು.

ಎರಡನೆಯ ಅಂಕಿಯನ್ನು ಮೊದಲು ನೋಡಿ. ಒಂದೇ ಸಲ ಬಂದು ನಿಂತವರು ಜಾಸ್ತಿ ಇದ್ದರೆ ಬಹುಮಾನ ದೂರ ಇದೆ ಅಂತ ಅರ್ಥ. ಅಂಥ ಅಂಗಡಿಗೆ ಇನ್ನೊಂದು ಉಪಾಯ ಉಂಟು. ಇವತ್ತಿನ ಬಿಲ್ಲಿನ ಜೊತೆ ಒಂದು ಚೀಟಿ ಕೊಡಿ: "ಈ ತಿಂಗಳ 25ರೊಳಗೆ ಬಂದರೆ 25 ರೂಪಾಯಿ ಕಡಿಮೆ." ಇವತ್ತು ನಡೆಯುವುದಿಲ್ಲ, ಮುಂದಿನ ಸಲಕ್ಕೆ ಮಾತ್ರ. ಗಡುವು ನಿಮ್ಮ ಅಂತರಕ್ಕಿಂತ ಸ್ವಲ್ಪ ಕಡಿಮೆ ಇರಲಿ. ಎರಡನೆಯ ಸಲ ಬಂದಾಗ ಕಾರ್ಡ್ ಕೊಡಿ.

ಆಮೇಲೆ ಹಂತ 1ರ ಪುಟ ತೆಗೆಯಿರಿ. ಆ 20 ಜನರ ಅಂತರ ಈಗ ಎಷ್ಟಾಗಿದೆ? 15 ದಿನ ಇದ್ದದ್ದು 12ಕ್ಕೆ ಇಳಿದಿದ್ದರೆ ಯೋಜನೆ ಕೆಲಸ ಮಾಡುತ್ತಿದೆ. 75 ದಿನದಲ್ಲಿ ಮೊದಲು ಐದು ಸಲ ಬರುತ್ತಿದ್ದವರು ಈಗ ಆರು ಸಲ ಬರುತ್ತಿದ್ದಾರೆ ಅಂತ ಅರ್ಥ. ನಮಗೆ ಬೇಕಿದ್ದ ಆ ಒಂದು ಹೊಸ ಖರೀದಿ ಅದೇ. 15 ಹಾಗೇ ಇದ್ದರೆ, ಹೇಗೂ ಬರುತ್ತಿದ್ದವರಿಗೇ ನೀವು ಬಹುಮಾನ ಕೊಡುತ್ತಿದ್ದೀರಿ. ಅದು ತಪ್ಪಲ್ಲ, ಪ್ರೀತಿಯಿಂದ ಕೊಡಬಹುದು. ಆದರೆ ವ್ಯಾಪಾರ ಬೆಳೆಸಿತು ಅಂತ ತಿಳಿಯಬೇಡಿ. ದೀಪಾವಳಿ, ಮದುವೆ ಸೀಸನ್ ನಡುವೆ ಬಂದಿದ್ದರೆ ಆ ವಾರಗಳನ್ನು ಬಿಟ್ಟು ಎಣಿಸಿ. ಹಬ್ಬದ ವ್ಯಾಪಾರವನ್ನು ಕಾರ್ಡಿನ ಹೆಸರಿಗೆ ಬರೆದುಕೊಂಡು ಮೋಸ ಹೋದವರು ಬಹಳ.

ಹಂತ 9: ಬದಲಿಸುವುದು, ನಿಲ್ಲಿಸುವುದು

ಅಸಲು ಏರಿದಾಗ ಬಹುಮಾನ ಬದಲಿಸಬೇಕಾಗಬಹುದು. ಹೊಸ ನಿಯಮ ಹೊಸ ಕಾರ್ಡಿಗೆ ಮಾತ್ರ. ಈಗಾಗಲೇ ಕೈಯಲ್ಲಿರುವ ಕಾರ್ಡಿಗೆ ಹಳೆಯ ಮಾತೇ ನಡೆಯಬೇಕು. ಬಣ್ಣ ಬದಲಿಸಿ ಮುದ್ರಿಸಿದರೆ ಗೊಂದಲ ಇರುವುದಿಲ್ಲ. ಹಳದಿ ಕಾರ್ಡಿಗೆ ಪೀಬೆರಿ, ಹಸಿರು ಕಾರ್ಡಿಗೆ ಬೇರೆ ಏನೋ.

ನಿಲ್ಲಿಸುವುದಾದರೆ ಎರಡು ತಿಂಗಳು ಮೊದಲು ಬೋರ್ಡ್ ಹಾಕಿ. ಆ ದಿನದಿಂದ ಹೊಸ ಕಾರ್ಡ್ ಕೊಡಬೇಡಿ, ಹಳೆಯದಕ್ಕೆ ಸೀಲ್ ಹಾಕುತ್ತಿರಿ. ಅರ್ಧ ತುಂಬಿದವರಿಗೆ ಹೇಳಿ: "ಇಂಥ ದಿನಕ್ಕೆ ಮುಗಿಯುತ್ತೆ, ಅಷ್ಟರಲ್ಲಿ ತುಂಬದಿದ್ದರೆ ಖರೀದಿಯ ಒಂದು ಸೀಲಿಗೆ 11 ರೂಪಾಯಿಯಂತೆ ಬಿಲ್ಲಿನಲ್ಲಿ ಕಳೆದುಕೊಡ್ತೀವಿ." ಆ ದುಡ್ಡು ನಿಮ್ಮ ಡಬ್ಬಿಯಲ್ಲಿ ಇದ್ದೇ ಇದೆ. ಎಲ್ಲ ಮುಗಿದು ಆರು ತಿಂಗಳಾದ ಮೇಲೆ ಒಬ್ಬರು ಬೀರುವಿನಲ್ಲಿ ಸಿಕ್ಕಿತು ಅಂತ ಮಾಸಿದ ಕಾರ್ಡ್ ಹಿಡಿದು ಬಂದರೆ, ದಿನಾಂಕ ತೋರಿಸಿ ವಾಪಸ್ ಕಳಿಸಬೇಡಿ. 100 ಗ್ರಾಂ ತೂಗಿ ಕೊಟ್ಟುಬಿಡಿ.